ಕುಡಿಯದವರ ಲಿವರ್ ಏಕೆ ಕೆಡುತ್ತಿದೆ?

“ಹಕೀಮರೇ, ನಾನು ಜೀವನದಲ್ಲಿ ಒಂದು ಹನಿ ಮದ್ಯ ಮುಟ್ಟಿದವನಲ್ಲ. ನನ್ನ ಲಿವರ್‌ಗೆ ಹೀಗೇಕಾಯಿತು?” ಸ್ಕ್ಯಾನಿಂಗ್ ವರದಿಯನ್ನು ಮೇಜಿನ ಮೇಲಿಟ್ಟು ಈ ಪ್ರಶ್ನೆ ಕೇಳುವವರು ನನ್ನ ದವಾಖಾನೆಗೆ ಆಗಾಗ ಬರುತ್ತಾರೆ. ಅವರ ಮುಖದಲ್ಲಿ ಭಯಕ್ಕಿಂತ ಸಂಕೋಚವೇ ಹೆಚ್ಚು. ಲಿವರ್ ಕೆಟ್ಟಿದೆ ಎಂದರೆ ಕುಡಿತ ಎಂದೇ ಜನ ಅರ್ಥ ಮಾಡಿಕೊಳ್ಳುವುದರಿಂದ ವರದಿಯನ್ನು ಮನೆಯವರಿಗೂ ತೋರಿಸದೆ ಬಚ್ಚಿಡುವವರಿದ್ದಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. “ನಾವು ಕುಡಿಯುವವರಲ್ಲ, ಹಾಗಾಗಿ ಇದೇನೂ ದೊಡ್ಡ ವಿಷಯವಲ್ಲ” ಎಂದು ವರದಿಯನ್ನು ಮಡಚಿ ಕಪಾಟಿನಲ್ಲಿಟ್ಟು ಮರೆತುಬಿಡುತ್ತಾರೆ.

ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮದ್ಯದಿಂದ ದೂರವಿರುವುದು ನಮ್ಮ ಸಮುದಾಯಕ್ಕೆ ಸಿಕ್ಕಿರುವ ದೊಡ್ಡ ರಕ್ಷಣೆ. ಅದರ ಬೆಲೆ ಏನೆಂದು ವೈದ್ಯನಾಗಿ ನಾನು ಬಲ್ಲೆ. ಆದರೆ ಆ ಒಂದು ರಕ್ಷಣೆಯನ್ನೇ ನಂಬಿ ನಾವು ಊಟದ ತಟ್ಟೆಯ ಕಡೆಗೂ ಸೊಂಟದ ಸುತ್ತಳತೆಯ ಕಡೆಗೂ ಕಣ್ಣು ಮುಚ್ಚಿಕೊಂಡಿದ್ದೇವೆ. ಆಹಾರ ಯಾವುದು, ಅದು ಎಲ್ಲಿಂದ ಬಂತು ಎಂದು ನಾವು ಹುಡುಕಿ ಹುಡುಕಿ ಕೇಳುತ್ತೇವೆ. ಅದು ಎಷ್ಟು ಎಂದು ಮಾತ್ರ ಕೇಳುವುದಿಲ್ಲ.

ಕುಡಿಯದವರಿಗೂ ಕುಡುಕರ ಲಿವರ್‌ನಂಥದೇ ಲಿವರ್ ಇರಬಹುದೆಂಬುದು ಹೊಸ ಸಂಗತಿಯಲ್ಲ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಲುಡ್ವಿಗ್ ಮತ್ತು ಅವರ ಸಂಗಡಿಗರು ಕೆಲವು ರೋಗಿಗಳ ಲಿವರ್‌ನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಒಂದು ವರದಿ ಪ್ರಕಟಿಸಿದರು. ಚೂರುಗಳು ವರ್ಷಾನುಗಟ್ಟಲೆ ಕುಡಿದವರದರಂತೆ ಕಾಣುತ್ತಿದ್ದವು. ಆದರೆ ಆ ರೋಗಿಗಳು ಕುಡುಕರಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಸ್ಥೂಲಕಾಯದವರಾಗಿದ್ದರು. ಅಂದಿನಿಂದ ಈ ರೋಗವನ್ನು “ಮದ್ಯರಹಿತ” ಫ್ಯಾಟಿ ಲಿವರ್ ಎಂದು ಕರೆಯುವುದು ರೂಢಿಯಾಯಿತು. 2023ರಲ್ಲಿ ಜಗತ್ತಿನ ಲಿವರ್ ತಜ್ಞರ ಸಂಘಟನೆಗಳು ಸೇರಿ ಆ ಹೆಸರನ್ನೂ ಬದಲಿಸಿದವು. ಈಗಿನ ಹೆಸರು ಎಂ.ಎ.ಎಸ್.ಎಲ್.ಡಿ. ದೇಹದ ಚಯಾಪಚಯದ ಏರುಪೇರಿಗೆ ಸಂಬಂಧಿಸಿದ ಫ್ಯಾಟಿ ಲಿವರ್ ಎಂಬುದು ಅದರ ಅರ್ಥ. ಹೆಸರಿನಿಂದ ಮದ್ಯದ ಮಾತೇ ಹೋಯಿತು. ನಮ್ಮ ಮನಸ್ಸಿನಿಂದಲೂ ಹೋಗಬೇಕು.

ಹೊಟ್ಟೆಯ ಕೊಬ್ಬಿಗೂ ಲಿವರ್‌ಗೂ ಏನು ಸಂಬಂಧ?

ಬಕ್ರೀದ್‌ನಲ್ಲಿ ಕುರ್ಬಾನಿಯ ಪ್ರಾಣಿಯನ್ನು ಸೀಳಿದಾಗ ಕರುಳಿನ ಮೇಲೆ ಬಲೆಯಂತೆ ಹರಡಿರುವ ಬಿಳಿ ಕೊಬ್ಬನ್ನು ನೀವು ನೋಡಿರಬಹುದು. ಮನುಷ್ಯನ ಹೊಟ್ಟೆಯೊಳಗೂ ಅಂಥದೇ ಕೊಬ್ಬು ಇದೆ. ಚರ್ಮದ ಕೆಳಗೆ ಕೈಯಲ್ಲಿ ಹಿಡಿಯಲು ಸಿಗುವ ಕೊಬ್ಬು ಬೇರೆ, ಕರುಳುಗಳ ಸುತ್ತ ಒಳಗೆ ತುಂಬಿಕೊಳ್ಳುವ ಕೊಬ್ಬು ಬೇರೆ. ತೊಡೆ, ತೋಳುಗಳ ಚರ್ಮದಡಿಯ ಕೊಬ್ಬಿಗಿಂತ ಈ ಒಳಗಿನ ಕೊಬ್ಬು ಹೆಚ್ಚು ಅಪಾಯಕಾರಿ.

ಕಾರಣ ಸರಳ. ಕರುಳಿನ ಭಾಗದಿಂದ ಹೊರಡುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಅದು ಪೋರ್ಟಲ್ ಎಂಬ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಬರುತ್ತದೆ. ಒಳಗಿನ ಕೊಬ್ಬಿನಿಂದ ಸದಾ ಒಸರುತ್ತಿರುವ ಕೊಬ್ಬಿನಾಮ್ಲಗಳು ಮತ್ತು ಉರಿಯೂತ ಉಂಟುಮಾಡುವ ದ್ರವ್ಯಗಳು ಇದೇ ದಾರಿಯಲ್ಲಿ ಬಂದು ಲಿವರ್‌ನ ಬಾಗಿಲಿಗೇ ಬೀಳುತ್ತವೆ. ಇದರ ಜೊತೆಗೆ ಹೊಟ್ಟೆಯ ಕೊಬ್ಬು ಹೆಚ್ಚಿದವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಉತ್ಪಾದಿಸುತ್ತದೆ. ಇನ್ಸುಲಿನ್ ಹೆಚ್ಚಿದಾಗ, ನಾವು ತಿಂದ ಸಕ್ಕರೆ ಮತ್ತು ಮೈದಾವನ್ನು ಲಿವರ್ ಸ್ವತಃ ಕೊಬ್ಬಾಗಿ ಪರಿವರ್ತಿಸತೊಡಗುತ್ತದೆ. ಅಂದರೆ ಹೊರಗಿನಿಂದಲೂ ಕೊಬ್ಬು ಬರುತ್ತದೆ, ಒಳಗೂ ತಯಾರಾಗುತ್ತದೆ. “ನಾನು ಎಣ್ಣೆ ಪದಾರ್ಥ ತಿನ್ನುವುದೇ ಇಲ್ಲ” ಎನ್ನುವವರಿಗೂ ಫ್ಯಾಟಿ ಲಿವರ್ ಬರುವುದು ಇದರಿಂದಲೇ.

ಲಿವರ್‌ನಲ್ಲಿ ಕೊಬ್ಬಿನ ಪಾಲು ಶೇ. 5ನ್ನು ಮೀರಿದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತೇವೆ. ಹೆಚ್ಚಿನವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಆದರೆ ಕೆಲವರಲ್ಲಿ ಕೊಬ್ಬಿನ ಜೊತೆ ಉರಿಯೂತ ಸೇರುತ್ತದೆ. ಉರಿಯೂತ ಬಹುಕಾಲ ಉಳಿದರೆ ಲಿವರ್ ನಿಧಾನವಾಗಿ ನಾರುಗಟ್ಟುತ್ತದೆ. ಕೊನೆಯ ಹಂತ ಸಿರೋಸಿಸ್. ಆಗ ಮೆತ್ತಗಿರಬೇಕಾದ ಅಂಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕ್ಯಾನ್ಸರ್‌ನ ಭೀತಿಯೂ ಇರುತ್ತದೆ. ಇದೆಲ್ಲ ಒಂದೆರಡು ದಿನದಲ್ಲಿ ಆಗುವುದಲ್ಲ, ವರ್ಷಗಳೇ ಹಿಡಿಯುತ್ತವೆ. ಆ ವರ್ಷಗಳಲ್ಲಿ ನೋವಿರುವುದಿಲ್ಲ, ಕಾಮಾಲೆಯೂ ಇರುವುದಿಲ್ಲ. ಹೆಚ್ಚೆಂದರೆ ಸ್ವಲ್ಪ ಆಯಾಸ, ಬಲಪಕ್ಕೆಯಲ್ಲಿ ಭಾರ. ಲಿವರ್ ದೂರು ಹೇಳದ ಅಂಗ. ಅದು ದೂರು ಹೇಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇನ್ನೊಂದು ಮಾತನ್ನೂ ಓದುಗರು ಗಮನಿಸಬೇಕು. ಫ್ಯಾಟಿ ಲಿವರ್ ಇರುವವರಲ್ಲಿ ಅತಿ ಹೆಚ್ಚು ಮಂದಿ ಸಾಯುವುದು ಲಿವರ್‌ನ ರೋಗದಿಂದಲ್ಲ, ಹೃದಯ ಮತ್ತು ರಕ್ತನಾಳಗಳ ರೋಗದಿಂದ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ ಇವೆಲ್ಲ ಅದೇ ಹೊಟ್ಟೆಯ ಬಳಗದವರು. ಹಾಗಾಗಿ ಸ್ಕ್ಯಾನಿಂಗ್ ವರದಿಯಲ್ಲಿ ಕಂಡ “ಗ್ರೇಡ್ ಒಂದು” ಎಂಬ ಚಿಕ್ಕ ಮಾತು ಇಡೀ ದೇಹದ ಪರವಾಗಿ ಬಂದ ಮುನ್ನೆಚ್ಚರಿಕೆ.

ತೂಕದ ಯಂತ್ರ ಹೇಳದ ಮಾತು

“ನನ್ನ ತೂಕ ಸರಿಯಾಗಿಯೇ ಇದೆಯಲ್ಲ?” ಇದು ನಾನು ಕೇಳುವ ಇನ್ನೊಂದು ಪ್ರಶ್ನೆ. ಇದಕ್ಕೆ ಪುಣೆಯ ಸಕ್ಕರೆ ಕಾಯಿಲೆ ತಜ್ಞ ಡಾ. ಯಾಜ್ಞಿಕ್ ಒಂದು ಸೊಗಸಾದ ಉತ್ತರ ಕೊಟ್ಟಿದ್ದಾರೆ. 2004ರಲ್ಲಿ ಅವರು ಮತ್ತು ಅವರ ಬ್ರಿಟಿಷ್ ಗೆಳೆಯ ಡಾ. ಯುಡ್ಕಿನ್ ತಮ್ಮಿಬ್ಬರ ದೇಹದ ಅಳತೆಯನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ದೇಹದಲ್ಲಿರುವ ಕೊಬ್ಬಿನ ಪಾಲು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ಭಾರತೀಯರ ದೇಹದ ಗುಣವೇ ಹೀಗೆ. ಕೈಕಾಲು ಸಪೂರ, ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯಲ್ಲಿ. ಆದ್ದರಿಂದ ನಮಗೆ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪೇ ಹೆಚ್ಚು ನಂಬಿಕಸ್ತ.

ಅಳೆಯುವುದು ಸುಲಭ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೇರ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪ್ ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸ ಹೋಗುವವರು ನಾವೇ. ಭಾರತೀಯರಿಗೆ ತಜ್ಞರು ಹೇಳುವ ಮಿತಿ ಪುರುಷರಿಗೆ 90 ಸೆಂಟಿಮೀಟರ್, ಸುಮಾರು ಮೂವತ್ತೈದೂವರೆ ಇಂಚು. ಮಹಿಳೆಯರಿಗೆ 80 ಸೆಂಟಿಮೀಟರ್, ಸುಮಾರು ಮೂವತ್ತೊಂದೂವರೆ ಇಂಚು. ಇದು ನೆನಪಿನಲ್ಲಿ ಉಳಿಯದಿದ್ದರೆ ಇನ್ನೊಂದು ಲೆಕ್ಕವಿದೆ: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧವನ್ನು ಮೀರಬಾರದು.

ಪ್ಯಾಂಟಿನ ಸೈಜನ್ನು ನಂಬಬೇಡಿ. ಹೊಟ್ಟೆ ಬಂದಂತೆಲ್ಲ ನಾವು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸುತ್ತೇವೆ. ಮೂವತ್ನಾಲ್ಕು ಮೂವತ್ನಾಲ್ಕಾಗಿಯೇ ಉಳಿಯುತ್ತದೆ. ಲುಂಗಿ, ಪೈಜಾಮ, ಸಲ್ವಾರ್‌ಗಳ ಲಾಡಿಯಂತೂ ಏನನ್ನೂ ಹೇಳುವುದಿಲ್ಲ. ಸಡಿಲ ಉಡುಪು ಒಳ್ಳೆಯದೇ, ಆದರೆ ಅದನ್ನು ಧರಿಸುವವರು ತಿಂಗಳಿಗೊಮ್ಮೆ ಟೇಪ್ ಹಿಡಿಯಲೇಬೇಕು.

ಇದು ಗಂಡಸರ ಸಮಸ್ಯೆ ಎಂದು ಭಾವಿಸಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಅಂಶಗಳ ಅಧ್ಯಯನದ ಪ್ರಕಾರ ದೇಶದಲ್ಲಿ ಶೇ. 40ರಷ್ಟು ಮಹಿಳೆಯರಿಗೆ ಹೊಟ್ಟೆಯ ಬೊಜ್ಜು ಇದೆ. ಪುರುಷರಲ್ಲಿ ಅದು ಶೇ. 12. ನಮ್ಮ ಸಹೋದರಿಯರು ಹೆರಿಗೆಯ ನಂತರ ಬಂದ ಹೊಟ್ಟೆಯನ್ನು “ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ” ಎಂದು ಒಪ್ಪಿಕೊಂಡುಬಿಡುತ್ತಾರೆ. ಹೊಟ್ಟೆ ಬಂದ ಗಂಡನನ್ನು “ಈಗ ಮೈಕೈ ತುಂಬಿಕೊಂಡಿದ್ದಾನೆ” ಎಂದು ಅತ್ತೆ ಹೊಗಳುತ್ತಾರೆ. ಹೊಟ್ಟೆಯನ್ನು ನಾವು ಇನ್ನೂ ಸಂಸಾರ ಸುಖದ ಗುರುತು ಎಂದೇ ನೋಡುತ್ತಿದ್ದೇವೆ. ಈ ನೋಟ ಬದಲಾಗಬೇಕು.

ನಮ್ಮ ದಸ್ತರ್‌ಖಾನ್‌ನ ಮೇಲೆ

ಬಿರಿಯಾನಿಯನ್ನು ಬಯ್ಯಲು ನಾನು ಈ ಲೇಖನ ಬರೆಯುತ್ತಿಲ್ಲ. ತಿಂಗಳಿಗೊಂದು ಬಿರಿಯಾನಿಯಿಂದ ಯಾರ ಲಿವರ್ ಕೂಡ ಕೆಡುವುದಿಲ್ಲ. ಆದರೆ ಮದುವೆಯ ಹಂಗಾಮಿನಲ್ಲಿ ನಿಕಾಹ್, ವಲೀಮಾ, ಸೀಮಂತ, ಗೃಹಪ್ರವೇಶ ಎಂದು ವಾರಕ್ಕೆ ಎರಡು ಮೂರು ಊಟ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ಊಟ, ಮೇಲೆ ಫಿರ್ನಿ ಅಥವಾ ಐಸ್‌ಕ್ರೀಂ, ಅದರ ಮೇಲೆ ತಂಪು ಪಾನೀಯ, ಮನೆಗೆ ಬಂದ ಕೂಡಲೇ ನಿದ್ದೆ. ಮದುವೆ ಇಲ್ಲದ ವಾರಗಳಿಗೆ ಪೇಟೆಯ ಮಂದಿ, ಅಲ್‌ಫಹಮ್, ಶವರ್ಮಾ ಇದ್ದೇ ಇದೆ. ಅದರ ಜೊತೆಗೆ ಮಯೋನೀಸ್.

ಆದರೆ ಹಬ್ಬದೂಟಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ದಿನನಿತ್ಯದ ಸಕ್ಕರೆ. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚಕ್ಕಿಂತ ಕಡಿಮೆ ಸಕ್ಕರೆ ಸೇವಿಸುವುದು ಉತ್ತಮ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಚಮಚ ಸಕ್ಕರೆಯ ಐದು ಚಹಾ ಕುಡಿಯುವ ಅಂಗಡಿಕಾರ ಸಹೋದರ ಸಂಜೆಯೊಳಗೆ ಹತ್ತು ಚಮಚ ಮುಗಿಸಿರುತ್ತಾರೆ. 300 ಮಿಲಿಲೀಟರಿನ ಒಂದು ಬಾಟಲಿ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಹೆಚ್ಚಾಗಿ ಲಿವರೇ ನಿಭಾಯಿಸಬೇಕು. ಹೆಚ್ಚಾದದ್ದು ಅಲ್ಲೇ ಕೊಬ್ಬಾಗುತ್ತದೆ. ಜೇನು ಮತ್ತು ಖರ್ಜೂರ ಒಳ್ಳೆಯ ಆಹಾರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಕ್ಕರೆ ಬಿಟ್ಟೆನೆಂದು ಚಹಾಕ್ಕೆ ಮೂರು ಚಮಚ ಜೇನು ಹಾಕಿಕೊಂಡರೆ ಲಿವರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ.

ರಮಝಾನ್ ಲಿವರ್‌ಗೆ ವರ್ಷದ ಅತ್ಯುತ್ತಮ ತಿಂಗಳಾಗಬಹುದಿತ್ತು. ಹಗಲೆಲ್ಲ ಹೊಟ್ಟೆ ಖಾಲಿ ಇರುವಾಗ ದೇಹ ಕೂಡಿಟ್ಟ ಕೊಬ್ಬನ್ನು ಬಳಸತೊಡಗುತ್ತದೆ. ಆದರೆ ಇಫ್ತಾರ್‌ಗೆ ಸಮೋಸ, ಬೋಂಡ, ಬಣ್ಣದ ಶರಬತ್ತು, ತರಾವೀಹ್‌ನ ನಂತರ ಮತ್ತೊಂದು ಪೂರ್ಣ ಊಟ, ಸಹರಿಗೆ ಇನ್ನೊಂದು. ಹಗಲಿನ ಗಳಿಕೆಯನ್ನು ನಾವು ರಾತ್ರಿಯೇ ಕಳೆದುಕೊಳ್ಳುತ್ತೇವೆ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಗೊತ್ತಿರುವುದನ್ನು ತಟ್ಟೆಗೆ ತರುವುದು ದೊಡ್ಡವರ ಕೆಲಸ.

ಅತಿಥಿ ಸತ್ಕಾರದ ಬಗ್ಗೆಯೂ ಒಂದು ಮಾತು. ಸಾಕು ಎಂದು ಕೈ ಅಡ್ಡ ಹಿಡಿದವರ ತಟ್ಟೆಗೆ ಇನ್ನೊಂದು ಚಮಚ ಸುರಿಯುವುದನ್ನು ನಾವು ಪ್ರೀತಿ ಎಂದುಕೊಂಡಿದ್ದೇವೆ. ಮಕ್ಕಳಿಗೆ ತಟ್ಟೆ ಖಾಲಿ ಮಾಡಲೇಬೇಕು ಎಂದು ಒತ್ತಾಯಿಸುತ್ತೇವೆ. ಅನ್ನವನ್ನು ಪೋಲು ಮಾಡಬಾರದು ಎಂಬುದು ಸರಿ. ಅದಕ್ಕೆ ದಾರಿ ಕಡಿಮೆ ಬಡಿಸುವುದು, ಹೆಚ್ಚು ಬಡಿಸಿ ಹೊಟ್ಟೆಗೆ ತುರುಕುವುದಲ್ಲ.

ಯುನಾನಿ ಚಿಕಿತ್ಸೆಗೆ ಬರುವವರಿಗೆ

ನನ್ನಲ್ಲಿಗೆ ಬರುವ ಹಲವರು ಕೇಳುವುದು “ಲಿವರ್ ಕ್ಲೀನ್ ಮಾಡುವ ಪುಡಿ”. ಇಂಥ ಒಂದು ಪುಡಿಯಿಂದ ಫ್ಯಾಟಿ ಲಿವರ್ ವಾಸಿಯಾಗುತ್ತದೆ ಎಂದು ಹೇಳಿದರೆ ನನ್ನ ವ್ಯಾಪಾರ ಚೆನ್ನಾಗಿ ನಡೆಯಬಹುದು. ಆದರೆ ಅದು ಯುನಾನಿ ಶಾಸ್ತ್ರಕ್ಕೆ ಮಾಡುವ ದ್ರೋಹ.

ನಮ್ಮ ವೈದ್ಯಪದ್ಧತಿಯಲ್ಲಿ ಲಿವರ್ ಅಂದರೆ ಕಬಿದ್, ಹೃದಯ ಮತ್ತು ಮಿದುಳಿನ ಸಾಲಿನಲ್ಲಿ ನಿಲ್ಲುವ ಪ್ರಧಾನ ಅಂಗ. ಮಿತಿಮೀರಿದ ಬೊಜ್ಜನ್ನು ಸಿಮನ್-ಎ-ಮುಫ್ರಿತ್ ಎಂದು ಕರೆದು ರೋಗಗಳ ಪಟ್ಟಿಗೇ ಸೇರಿಸಿದ್ದಾರೆ. ಇಂದಿನ ಫ್ಯಾಟಿ ಲಿವರನ್ನು ಇಬ್ನ್ ಸೀನಾ ಸಾವಿರ ವರ್ಷ ಹಿಂದೆಯೇ ಕಂಡುಹಿಡಿದಿದ್ದರು ಎಂದು ನಾನು ಹೇಳಲಾರೆ. ಸ್ಕ್ಯಾನಿಂಗ್ ಇಲ್ಲದ ಕಾಲದವರ ಮೇಲೆ ಅಂಥ ಭಾರ ಹೊರಿಸಬಾರದು. ಆದರೆ ಆರೋಗ್ಯಕ್ಕೆ ಅವರು ಹೇಳಿದ ಆರು ಅಗತ್ಯಗಳನ್ನು, ಅಸ್ಬಾಬ್-ಎ-ಸಿತ್ತಾ ಝರೂರಿಯಾವನ್ನು, ಗಮನಿಸಿ: ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದ ವಿಸರ್ಜನೆ ಮತ್ತು ಧಾರಣೆ. ಈ ಪಟ್ಟಿಯಲ್ಲಿ ಔಷಧ ಎಲ್ಲಿದೆ? ಆಹಾರ ಮತ್ತು ದಿನಚರಿಯನ್ನು ತಿದ್ದದೆ ಔಷಧಕ್ಕೆ ಕೈಹಾಕಬಾರದು ಎಂಬುದೇ ನಮ್ಮ ಶಾಸ್ತ್ರದ ಕ್ರಮ.

ಕಾಸ್ನಿ, ಮಕೋ ಮುಂತಾದ ಗಿಡಮೂಲಿಕೆಗಳನ್ನು ಲಿವರ್‌ನ ತೊಂದರೆಗಳಲ್ಲಿ ನಾವು ಬಳಸುತ್ತೇವೆ. ನಾನೂ ಕೊಡುತ್ತೇನೆ. ಆದರೆ ಅವು ಸಹಾಯಕರು ಮಾತ್ರ. ಗಿಡಮೂಲಿಕೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಯಾರು ತಯಾರಿಸಿದ್ದು, ಒಳಗೇನಿದೆ ಎಂದು ತಿಳಿಯದ ಪುಡಿಗಳಿಂದ ಲಿವರ್‌ಗೆ ಹಾನಿಯಾಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬಚ್ಚಿಡದೆ ಹಕೀಮರಿಗೂ ಹೇಳಬೇಕು, ಗಿಡಮೂಲಿಕೆ ಸೇವಿಸುವುದನ್ನು ಆಸ್ಪತ್ರೆಯ ಡಾಕ್ಟರರಿಗೂ ಹೇಳಬೇಕು. ಆಧುನಿಕ ವೈದ್ಯಪದ್ಧತಿಯಲ್ಲೂ ಮಾತು ಬೇರೆಯಲ್ಲ. 2024ರಲ್ಲಿ ಅಮೆರಿಕದಲ್ಲಿ ನಾರುಗಟ್ಟಿದ ಫ್ಯಾಟಿ ಲಿವರ್‌ಗೆಂದೇ ರೆಸ್ಮೆಟಿರೋಮ್ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಅದೂ ಪಥ್ಯ ಮತ್ತು ವ್ಯಾಯಾಮದ ಜೊತೆಗೆ ತೆಗೆದುಕೊಳ್ಳಬೇಕೆಂಬ ಷರತ್ತಿನ ಮೇಲೆ.

ಹಿಂದಿರುಗುವ ದಾರಿ ಇದೆ

ಸಂತೋಷದ ವಿಷಯವೆಂದರೆ ಲಿವರ್ ಕ್ಷಮಿಸುವ ಅಂಗ. ದೇಹದ ತೂಕದ ಶೇ. 5ರಷ್ಟು ಇಳಿಸಿದರೆ ಲಿವರ್‌ನ ಕೊಬ್ಬು ಕಡಿಮೆಯಾಗತೊಡಗುತ್ತದೆ. ಶೇ. 7ರಿಂದ 10ರಷ್ಟು ಇಳಿಸಿದವರಲ್ಲಿ ಉರಿಯೂತ ಶಮನವಾಗುವ, ನಾರುಗಟ್ಟಿದ್ದು ಕೂಡ ಹಿಂದೆ ಸರಿಯುವ ಸಾಧ್ಯತೆಯಿದೆ. 80 ಕಿಲೋ ತೂಗುವವರಿಗೆ ಶೇ. 5 ಎಂದರೆ ಬರೀ 4 ಕಿಲೋ. ಅವಸರ ಬೇಡ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು. ಉಪವಾಸ ಬಿದ್ದು ಒಮ್ಮೆಲೇ ತೂಕ ಇಳಿಸಿದರೆ ಲಿವರ್‌ಗೂ ಪಿತ್ತಕೋಶಕ್ಕೂ ತೊಂದರೆಯಾಗುತ್ತದೆ. ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿತ ಮಾಡಬಾರದು.

ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ, ಕಾಲು ಭಾಗ ಮೀನು, ಮೊಟ್ಟೆ, ಬೇಳೆ ಅಥವಾ ಮಾಂಸ, ಉಳಿದ ಕಾಲು ಭಾಗ ಅನ್ನ ಅಥವಾ ರೊಟ್ಟಿ. ರಾಗಿ, ಜೋಳ ನಮ್ಮ ಮಣ್ಣಿನದೇ. ಆದರೆ ರಾಗಿ ಮುದ್ದೆಯೂ ಅಳತೆಯಲ್ಲಿರಲಿ. ಸಿಹಿ ಪಾನೀಯಗಳನ್ನು ಮನೆಗೆ ತರುವುದನ್ನೇ ನಿಲ್ಲಿಸಿ. ರಾತ್ರಿಯ ಊಟ ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. “ದಿನಕ್ಕೆ ಐದು ಹೊತ್ತು ನಮಾಝ್ ಮಾಡುತ್ತೇನೆ, ಅದೇ ವ್ಯಾಯಾಮ” ಎನ್ನುವವರಿದ್ದಾರೆ. ನಮಾಝ್ ಆರಾಧನೆ, ಅದನ್ನು ವ್ಯಾಯಾಮದ ಲೆಕ್ಕಕ್ಕೆ ಇಳಿಸಬೇಡಿ. ಆದರೆ ಮಸೀದಿಗೆ ಬೈಕಿನಲ್ಲಿ ಹೋಗುವ ಬದಲು ನಡೆದು ಹೋದರೆ ಅದು ಖಂಡಿತ ಲೆಕ್ಕಕ್ಕೆ ಬರುತ್ತದೆ.

ಸೊಂಟದ ಅಳತೆ ಮಿತಿ ಮೀರಿದವರು, ಸಕ್ಕರೆ ಕಾಯಿಲೆ ಇರುವವರು ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತದಲ್ಲಿ ಲಿವರ್‌ನ ಕಿಣ್ವಗಳು ಸರಿಯಾಗಿದ್ದರೂ ಫ್ಯಾಟಿ ಲಿವರ್ ಇರಬಹುದು. ಸ್ಕ್ಯಾನಿಂಗ್‌ನ ಗ್ರೇಡ್ ಕೊಬ್ಬಿನ ಅಂದಾಜು ಕೊಡುತ್ತದೆ, ನಾರುಗಟ್ಟಿದೆಯೇ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ವಯಸ್ಸು, ಎರಡು ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಎಣಿಕೆಯಿಂದ ಲೆಕ್ಕ ಹಾಕುವ ಫಿಬ್-4 ಎಂಬ ಅಂಕವಿದೆ. ಅಗತ್ಯ ಬಿದ್ದರೆ ಫೈಬ್ರೋಸ್ಕ್ಯಾನ್ ಇದೆ. ಕೇಂದ್ರ ಸರಕಾರ 2021ರಲ್ಲಿಯೇ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿದೆ. ಆದ್ದರಿಂದ ಸರಕಾರಿ ಆಸ್ಪತ್ರೆಯಲ್ಲಿ ಕೇಳಲು ಸಂಕೋಚ ಬೇಡ.

ಜಮಾಅತ್‌ಗಳಿಗೆ ಒಂದು ವಿನಂತಿ

“ನಡೆಯಿರಿ” ಎಂದು ಹೇಳುವುದು ಸುಲಭ. ಆದರೆ ನಮ್ಮ ಹೆಣ್ಣುಮಕ್ಕಳು ಎಲ್ಲಿ ನಡೆಯಬೇಕು? ಗಲ್ಲಿಯಲ್ಲಿ ಜಾಗವಿಲ್ಲ, ಪಾರ್ಕ್ ದೂರ, ಹೊರಟರೆ ಹತ್ತು ಮಾತು. ಶೇ. 40ರ ಅಂಕಿಗೆ ಹೆಣ್ಣುಮಕ್ಕಳ ಸೋಮಾರಿತನವನ್ನು ದೂರುವ ಮೊದಲು ಅವರಿಗೆ ನಾವು ಎಷ್ಟು ಜಾಗ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಪ್ರತಿ ಮೊಹಲ್ಲಾದಲ್ಲಿ ಶಾಲೆಯ ಅಥವಾ ಮದ್ರಸದ ಅಂಗಳ, ಶಾದಿ ಮಹಲ್ ಇದೆ. ದಿನಕ್ಕೆ ಒಂದು ಗಂಟೆ ಅದನ್ನು ಮಹಿಳೆಯರ ನಡಿಗೆಗೆ ಬಿಟ್ಟುಕೊಡಲು ಹಣ ಬೇಕಿಲ್ಲ, ಆಡಳಿತ ಸಮಿತಿಯ ಒಂದು ನಿರ್ಧಾರ ಸಾಕು.

ಮದುವೆಯ ಊಟಕ್ಕೆ ತಂಪು ಪಾನೀಯದ ಬದಲು ಮಜ್ಜಿಗೆ, ನಿಂಬೆ ನೀರು ಇಡುವಂತೆ ಜಮಾಅತ್ ಹೇಳಬಹುದು. ಸಾಮೂಹಿಕ ಇಫ್ತಾರ್‌ನಲ್ಲಿ ಕರಿದ ತಿಂಡಿಯ ಜಾಗಕ್ಕೆ ಹಣ್ಣು, ಗಂಜಿ ಬರಬಹುದು. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ನಡೆಸುವ ನಮ್ಮ ಯುವಕರು ಅದೇ ದಿನ ಒಂದು ಟೇಪ್ ಮತ್ತು ಒಂದು ಸಕ್ಕರೆ ಪರೀಕ್ಷೆಯ ಯಂತ್ರ ಇಟ್ಟುಕೊಂಡು ಕುಳಿತರೆ ಎಷ್ಟೋ ಮನೆಗಳ ದುಡಿಯುವ ಕೈಗಳು ಉಳಿಯುತ್ತವೆ. ಮಹಿಳೆಯರ ಅಳತೆಯನ್ನು ಮಹಿಳೆಯರೇ ಮಾಡಲಿ.

ಫ್ಯಾಟಿ ಲಿವರ್ ಇರುವವರನ್ನು ಅನುಮಾನದಿಂದ ನೋಡುವುದನ್ನೂ ನಿಲ್ಲಿಸೋಣ. ಸಿರೋಸಿಸ್ ಆದ ಒಬ್ಬ ಸಜ್ಜನರ ಬಗ್ಗೆ “ಗುಟ್ಟಾಗಿ ಕುಡಿಯುತ್ತಿದ್ದರಂತೆ” ಎಂದು ನೆರೆಹೊರೆಯವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದೇನೆ. ಅವರಿಗೆ ಮೊದಲೇ ಇದ್ದ ರೋಗಕ್ಕಿಂತ ಆ ಮಾತು ಹೆಚ್ಚು ನೋವು ಕೊಟ್ಟಿತು. ಆ ಅನುಮಾನಕ್ಕೆ ಹೆದರಿಯೇ ಜನ ಪರೀಕ್ಷೆ ಮಾಡಿಸದೆ, ವರದಿ ತೋರಿಸದೆ ದಿನ ದೂಡುತ್ತಾರೆ.

ಈ ಲೇಖನ ಓದಿ ಮುಗಿಸಿದ ಮೇಲೆ ಹೊಲಿಗೆ ಪೆಟ್ಟಿಗೆಯಿಂದ ಟೇಪ್ ತೆಗೆಯಿರಿ. ಮನೆಯ ದೊಡ್ಡವರೆಲ್ಲರ ಸೊಂಟದ ಸುತ್ತಳತೆಯನ್ನು ಕ್ಯಾಲೆಂಡರಿನ ಇಂದಿನ ತಾರೀಖಿನ ಮೇಲೆ ಬರೆದಿಡಿ. ಮುಂದಿನ ತಿಂಗಳು ಮತ್ತೆ ಅಳೆಯಿರಿ. ಒಂದು ಸೆಂಟಿಮೀಟರ್ ಇಳಿದಿದ್ದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ.